‘ಹೂಂ’ ಕೇಳಿಸದ ಮೀಟಿಂಗು

ಪೀಣ್ಯದಲ್ಲಿ ಮೂರು ಸಿಎನ್‌ಸಿ ಮಷಿನ್ ಇಟ್ಟುಕೊಂಡು ಬುಷ್, ಶಾಫ್ಟ್ ಮಾಡಿಕೊಡುವ ಗೆಳೆಯರೊಬ್ಬರಿದ್ದಾರೆ. ಒಮ್ಮೆ ಅವರ ಶೆಡ್ಡಿನಲ್ಲಿ ಕೂತಿದ್ದಾಗಲೇ ಪುಣೆಯ ಗಿರಾಕಿ ಕಂಪನಿಯೊಂದರ ಜೊತೆ ವಿಡಿಯೊ ಮೀಟಿಂಗ್ ಶುರುವಾಯಿತು. ಪರದೆಯ ಮೇಲೆ ಹನ್ನೊಂದು ಚೌಕ, ಅದರಲ್ಲಿ ಏಳು ಕಪ್ಪು. ‘ಮೊದಲ ಲಾಟ್ ಹದಿನೈದಕ್ಕೆ ಬರುತ್ತದಲ್ಲ?’ ಎಂದು ಪರ್ಚೇಸಿನವರು ಇಂಗ್ಲಿಷಿನಲ್ಲಿ ಕೇಳಿದರು. ಹೀಟ್ ಟ್ರೀಟ್‌ಮೆಂಟಿಗೆ ಹೊರಗೆ ಕೊಟ್ಟ ಮಾಲು ಇನ್ನೂ ವಾಪಸ್ ಬಂದಿರಲಿಲ್ಲ. ಗೆಳೆಯರು ‘ನೋಡೋಣ ಸರ್’ ಎಂಬುದನ್ನೇ ಇಂಗ್ಲಿಷಿಗೆ ತಿರುಗಿಸಿ ಹೇಳಿದರು. ನಮ್ಮಲ್ಲಿ ‘ನೋಡೋಣ’ ಅಂದರೆ ಬಹುಪಾಲು ‘ಆಗಲಿಕ್ಕಿಲ್ಲ’ ಅಂತಲೇ. ಎದುರು ಕೂತಿದ್ದರೆ ಅವರು ತಲೆ ಕೆರೆದುಕೊಂಡಿದ್ದು ಕಂಡೇ ಅರ್ಥವಾಗುತ್ತಿತ್ತು. ಅಲ್ಲಿ ‘ಗುಡ್, ನೆಕ್ಸ್ಟ್’ ಎಂದು ಮುಂದಕ್ಕೆ ಹೋದರು. ಹದಿನಾರಕ್ಕೆ ಫೋನಿನಲ್ಲಿ ಜಗಳ.

ಆನ್‌ಲೈನ್ ಮೀಟಿಂಗ್ ಹೇಗೆ ನಡೆಸಬೇಕು ಎಂದರೆ ಮುಖಕ್ಕೆ ಬೆಳಕು, ಕಿವಿಗೆ ಹೆಡ್‌ಫೋನ್, ಹಿಂದೊಂದು ಚೊಕ್ಕ ಗೋಡೆ ಎಂದು ಪಟ್ಟಿ ಕೊಡುವವರು ಬೇಕಾದಷ್ಟಿದ್ದಾರೆ. ಬೇಡ ಎನ್ನುವುದಿಲ್ಲ. ಆದರೆ ಗೆಳೆಯರ ಶೆಡ್ಡಿನಲ್ಲಿ ಬೆಳಕೂ ಇತ್ತು, ಇಂಟರ್ನೆಟ್ಟೂ ಚೆನ್ನಾಗಿತ್ತು. ಕೆಟ್ಟದ್ದು ಬೇರೆ ಕಡೆ.

ಕಥೆ ಹೇಳುವ ಅಜ್ಜಿಗೆ ಕೇಳುವ ಮಗು ‘ಹೂಂ’ ಅನ್ನುತ್ತಲೇ ಇರಬೇಕು. ಹೂಂಗುಟ್ಟುವುದು ನಿಂತರೆ ಮಗು ಮಲಗಿತು ಎಂದು ಅಜ್ಜಿಗೆ ಗೊತ್ತು. ಮೀಟಿಂಗಿನ ಮೇಜಿನ ಸುತ್ತಲೂ ಇದೇ ನಡೆಯುತ್ತದೆ: ಒಬ್ಬರು ತಲೆಯಾಡಿಸುತ್ತಾರೆ, ಇನ್ನೊಬ್ಬರು ಹುಬ್ಬು ಗಂಟಿಕ್ಕುತ್ತಾರೆ. ಎಲ್ಲರೂ ಮ್ಯೂಟ್ ಒತ್ತಿದ ಕ್ಷಣ ಆ ‘ಹೂಂ’ ಹೋಯಿತು. ಮಾತಾಡುವವರು ಬಾವಿಗೆ ಕಲ್ಲು ಹಾಕಿ ಸದ್ದಿಗೆ ಕಾದವರಂತೆ ‘ಕೇಳಿಸ್ತಿದೆಯಾ?’ ಎನ್ನುತ್ತಿರುತ್ತಾರೆ.

ದೂರವೂ ತನ್ನ ಕೈಚಳಕ ತೋರಿಸುತ್ತದೆ. ಹತ್ತು ಭಾಷೆಗಳ ಮಾತುಕತೆಯನ್ನು ಅಳೆದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಒಬ್ಬರು ಮಾತು ನಿಲ್ಲಿಸಿ ಇನ್ನೊಬ್ಬರು ಶುರುಮಾಡುವ ನಡುವಿನ ಬಿಡುವು ಸರಾಸರಿ 200 ಮಿಲಿಸೆಕೆಂಡ್ ಆಸುಪಾಸು. ಬೆಂಗಳೂರಿನಿಂದ ಕ್ಯಾಲಿಫೋರ್ನಿಯಕ್ಕೆ ಸಂಕೇತ ಹೋಗಿಬರುವುದಕ್ಕೇ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಅತ್ತಲವರು ಸುಮ್ಮನಾದರು ಎಂದು ಇತ್ತಲವರು ಬಾಯಿ ತೆರೆಯುವಷ್ಟರಲ್ಲಿ ಅಲ್ಲಿಂದ ಇನ್ನೊಂದು ವಾಕ್ಯ ಬಂದು ಬೀಳುತ್ತದೆ. ‘ನೀವು ಹೇಳಿ’, ‘ಇಲ್ಲ, ನೀವೇ ಹೇಳಿ’. ಎರಡು ಸಲ ಹೀಗಾದರೆ ಸಂಕೋಚದವರು ಮೂರನೇ ಸಲ ಬಾಯಿ ಬಿಡುವುದೇ ಇಲ್ಲ. ಇಂಗ್ಲಿಷಿನಲ್ಲಿ ತಡವರಿಸುವವರಂತೂ ಮೊದಲೇ ಹಿಂದೆ ಸರಿದಿರುತ್ತಾರೆ.

ಹಾಗಾದರೆ ಕ್ಯಾಮೆರಾ ಕಡ್ಡಾಯ ಮಾಡಿಬಿಡೋಣ ಎನ್ನುವ ಮ್ಯಾನೇಜರುಗಳಿದ್ದಾರೆ. ವಿಡಿಯೊ ಮಾತುಕತೆ ಏಕೆ ಸುಸ್ತು ಮಾಡುತ್ತದೆ ಎಂಬುದಕ್ಕೆ ಸ್ಟ್ಯಾನ್‌ಫರ್ಡಿನ ಜೆರೆಮಿ ಬೇಲೆನ್ಸನ್ 2021ರಲ್ಲಿ ನಾಲ್ಕು ಕಾರಣ ಮುಂದಿಟ್ಟರು. ಅದರಲ್ಲೊಂದು, ಸದಾ ನಮ್ಮ ಮುಖವನ್ನೇ ನಾವು ನೋಡಿಕೊಳ್ಳುವುದು. ದಿನವಿಡೀ ಕನ್ನಡಿ ಹಿಡಿದುಕೊಂಡು ವ್ಯಾಪಾರ ಮಾಡಿ ಎಂದರೆ ಯಾರಿಂದಾದೀತು? ಮುಖ ಕಂಡ ಮಾತ್ರಕ್ಕೆ ಒಪ್ಪಿಗೆ ಕಂಡಂತೆಯೂ ಅಲ್ಲ.

ಕಳೆದುಹೋದ ‘ಹೂಂ’ ಅನ್ನು ಬಾಯಿಬಿಟ್ಟು ಕೇಳಿ ಪಡೆಯುವುದೊಂದೇ ದಾರಿ. ತಮಾಷೆಯೆಂದರೆ, ಜೂಮ್ ಮನೆಮಾತಾಗುವ ಎಷ್ಟೋ ವರ್ಷ ಮೊದಲೇ ನಮ್ಮ ಕಾನೂನು ಇದನ್ನು ಬರೆದಿಟ್ಟಿದೆ. 2013ರ ಕಂಪನಿ ಕಾಯ್ದೆಯ 173ನೇ ಸೆಕ್ಷನ್ ನಿರ್ದೇಶಕರು ವಿಡಿಯೊ ಮೂಲಕ ಮಂಡಳಿ ಸಭೆಗೆ ಕೂರಬಹುದು ಎನ್ನುತ್ತದೆ. ಹೇಗೆ ಕೂರಬೇಕು ಎಂಬುದು 2014ರ ನಿಯಮಾವಳಿಯ 3ನೇ ನಿಯಮದಲ್ಲಿದೆ. ಆರಂಭದಲ್ಲಿ ಅಧ್ಯಕ್ಷರು ಹಾಜರಿ ಕೂಗಬೇಕು. ವಿಡಿಯೊದಲ್ಲಿರುವ ಪ್ರತಿಯೊಬ್ಬರೂ ಹೆಸರು, ಕೂತಿರುವ ಜಾಗ, ಕಾರ್ಯಸೂಚಿ ಕೈಸೇರಿದೆ, ಪಕ್ಕದಲ್ಲಿ ಬೇರೆ ಯಾರೂ ಕೇಳಿಸಿಕೊಳ್ಳುತ್ತಿಲ್ಲ ಎಂದು ಹೇಳಬೇಕು. ಮಾತು ಕತ್ತರಿಸಿದರೆ ಮತ್ತೊಮ್ಮೆ ಹೇಳಿಸಬೇಕು. ಒಂದೊಂದು ವಿಷಯದ ಚರ್ಚೆ ಮುಗಿದಾಗಲೂ ಏನು ತೀರ್ಮಾನವಾಯಿತು, ಯಾರು ಒಪ್ಪಲಿಲ್ಲ ಎಂಬುದನ್ನು ಅಧ್ಯಕ್ಷರು ಅಲ್ಲೇ ಸಾರಬೇಕು. ಹದಿನೈದು ದಿನದೊಳಗೆ ನಡಾವಳಿಯ ಕರಡು ಎಲ್ಲರಿಗೂ ಹೋಗಬೇಕು.

ಕೋಟಿಗಳ ಲೆಕ್ಕ ನೋಡುವ ನಿರ್ದೇಶಕರಿಗೇ ‘ಕಾಗದ ಸಿಕ್ಕಿದೆಯಾ, ಸರಿಯಾಗಿ ಕೇಳಿಸಿತಾ’ ಎಂದು ಕೇಳಬೇಕಾದರೆ, ಸೋಮವಾರ ಬೆಳಗಿನ ಸೇಲ್ಸ್ ಮೀಟಿಂಗಿಗೆ ಅದು ಬೇಡವೇ? ಸಣ್ಣ ಕಂಪನಿಗೆ ಇಷ್ಟೆಲ್ಲ ಶಾಸ್ತ್ರ ಯಾಕೆ ಎನ್ನಬಹುದು. ಒಂದೊಂದು ವಿಷಯಕ್ಕೆ ಅರ್ಧ ನಿಮಿಷದ ಶಾಸ್ತ್ರ ಅದು. ‘ಎಲ್ಲರಿಗೂ ಒಪ್ಪಿಗೆ ತಾನೇ?’ ಎಂದು ಗಾಳಿಗೆ ಕೇಳುವ ಬದಲು ಹೆಸರು ಹಿಡಿದು ‘ತಾರೀಕು ನಿಮಗೆ ಆಗುತ್ತಾ?’ ಎಂದು ಕೇಳಬೇಕು, ಅಷ್ಟೇ.

ಯಾವುದಕ್ಕೆ ಮೀಟಿಂಗ್ ಕರೆಯಬೇಕು ಎಂಬುದೂ ಇದೆ. ಭಾರತವೂ ಸೇರಿ ಐದು ದೇಶಗಳ ಸುಮಾರು 1,500 ಎಂಜಿನಿಯರುಗಳನ್ನು ಜೋಡಿ ಜೋಡಿಯಾಗಿ ಕೂರಿಸಿ ನಡೆಸಿದ ಪ್ರಯೋಗವೊಂದು 2022ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಹೊಸ ಐಡಿಯಾ ಹುಟ್ಟಿಸುವಲ್ಲಿ ವಿಡಿಯೊದಲ್ಲಿ ಮಾತಾಡಿದ ಜೋಡಿಗಳು ಎದುರುಬದುರು ಕೂತ ಜೋಡಿಗಳಿಗಿಂತ ಹಿಂದೆ ಬಿದ್ದವು. ಇದ್ದವುಗಳಲ್ಲಿ ಒಂದನ್ನು ಆರಿಸುವಲ್ಲಿ ಹಿಂದೆ ಬೀಳಲಿಲ್ಲ. ಹಾಗಾಗಿ ಹೊಸ ಡಿಸೈನಿನ ಬಗ್ಗೆ ತಲೆಕೆಡಿಸಿಕೊಳ್ಳುವುದಕ್ಕೆ ಪುಣೆಗೆ ಬಸ್ಸು ಹತ್ತುವುದೇ ವಾಸಿ. ಎರಡು ಕೊಟೇಶನ್ನಿನಲ್ಲಿ ಯಾವುದು ಎಂದು ತೀರ್ಮಾನಿಸಲು ಪರದೆ ಸಾಕು. ಬರೀ ವಿಷಯ ತಿಳಿಸುವುದಾದರೆ ಮೇಲ್ ಕಳಿಸಿದರಾಯಿತು. ‘ಸಾಹೇಬರು ವಿ.ಸಿ.ಯಲ್ಲಿದ್ದಾರೆ’ ಎಂಬ ಮಾತು ಕೇಳಿ ಸರ್ಕಾರಿ ಕಚೇರಿಯ ಬೆಂಚಿನ ಮೇಲೆ ಅರ್ಧ ದಿನ ಕಾದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪೀಣ್ಯದ ಗೆಳೆಯರು ಈಗ ಕಾಲ್ ಕಟ್ ಆಗುವ ಮುಂಚೆಯೇ ಚಾಟಿನಲ್ಲಿ ಎರಡು ಸಾಲು ಹಾಕುತ್ತಾರೆ: ‘ಹೀಟ್ ಟ್ರೀಟ್‌ಮೆಂಟ್ ಆಗಿ ಬರುವುದು 18ಕ್ಕೆ. ಮಾಲು ಕೊಡುವುದು 20ಕ್ಕೆ, 15ಕ್ಕೆ ಅಲ್ಲ.’ ಮೊದಲ ಸಲ ಹಾಗೆ ಹಾಕಿದಾಗ, ಅಷ್ಟು ದಿನ ಉಸಿರೇ ಎತ್ತದ ಕಪ್ಪು ಚೌಕಗಳಲ್ಲಿ ಮೂರು ಒಟ್ಟಿಗೇ ಮಾತಾಡಿದವಂತೆ.