ಸತ್ತವರ ಲೆಕ್ಕದಲ್ಲೂ ನಾವಿಲ್ಲ



"ನಮ್ಮ ಕಡೆ ಕೊರೊನಾದಲ್ಲಿ ಅಷ್ಟೇನೂ ಸಾವಾಗಲಿಲ್ಲ ಬಿಡಿ."

ಈ ಮಾತನ್ನ ಎಷ್ಟು ಸಲ ಕೇಳಿಲ್ಲ ನಾವು? ಪೆನ್ನಾಗರದ ಟೀ ಅಂಗಡಿಯಲ್ಲಿ ಕೇಳಿದ್ದೀವಿ, ಮೆಟ್ಟೂರಿನ ಬಸ್ ಸ್ಟ್ಯಾಂಡಿನಲ್ಲಿ ಕೇಳಿದ್ದೀವಿ, ಸೇಲಂನ ನೇಕಾರರ ಬೀದಿಯಲ್ಲೂ ಕೇಳಿದ್ದೀವಿ. ಆ ಮಾತು ಹೇಳಿದವರನ್ನೇ ಕೂರಿಸಿಕೊಂಡು, "2021ರ ಏಪ್ರಿಲ್‌ನಿಂದ ಜೂನ್‌ವರೆಗೆ ನಿಮ್ಮ ಬೀದಿಯಲ್ಲಿ ಯಾರ್ಯಾರು ಹೋದರು, ಸ್ವಲ್ಪ ಹೇಳಿ" ಅಂತ ಕೇಳಿ ನೋಡಿ. ಬೆರಳು ಮಡಚೋಕೆ ಶುರು ಮಾಡ್ತಾರೆ. "ಅವರದು ಹಾರ್ಟು." "ಅವರಿಗೆ ಮೊದಲೇ ಶುಗರ್ ಇತ್ತು." "ಆಯಮ್ಮಂಗೆ ವಯಸ್ಸಾಗಿತ್ತು, ಮೂರು ದಿನ ಜ್ವರ ಬಂತು, ಅಷ್ಟೇ." ಒಂದು ಕೈಯ ಬೆರಳು ಮುಗಿದು ಇನ್ನೊಂದು ಕೈಗೆ ಬರ್ತಾರೆ. ಆಮೇಲೆ ಸುಮ್ಮನಾಗ್ತಾರೆ.

ಮೂರು ದಿನ ಜ್ವರ, ಅಷ್ಟೇ. ಟೆಸ್ಟ್ ಮಾಡಿಸಲಿಲ್ಲ. ಮಾಡಿಸದೇ ಇದ್ದಿದ್ದಕ್ಕೆ ಅದು ಕೊರೊನಾ ಅಲ್ಲ. ಕೊರೊನಾ ಅಲ್ಲದೇ ಇದ್ದಿದ್ದಕ್ಕೆ ನಮ್ಮ ಕಡೆ ಸಾವಾಗಲಿಲ್ಲ. ಎಂಥಾ ಲೆಕ್ಕ ಸ್ವಾಮಿ ಇದು?

ನಾವು ಕಾಮರ್ಸ್ ಓದಿದವರು, ಬ್ಯಾಂಕಿನಲ್ಲಿ ಲೆಕ್ಕ ಬರೆದು ಬದುಕೋರು. ಸಾಯಂಕಾಲ ಕ್ಯಾಶ್ ಟ್ಯಾಲಿ ಆಗಲಿಲ್ಲ ಅಂದ್ರೆ "ವೋಚರ್ ಇಲ್ಲ, ಆದ್ದರಿಂದ ದುಡ್ಡು ಹೋಗೇ ಇಲ್ಲ" ಅಂತ ಮ್ಯಾನೇಜರ್ ಮುಂದೆ ಹೇಳೋಕಾಗುತ್ತಾ? ಪೆಟ್ಟಿಗೆಯಲ್ಲಿ ಎಷ್ಟಿತ್ತು, ಈಗ ಎಷ್ಟಿದೆ, ಮಧ್ಯದ ವ್ಯತ್ಯಾಸ ಎಲ್ಲಿ ಹೋಯ್ತು, ಅಲ್ಲಿಂದ ಶುರು ಮಾಡಬೇಕು. ಮಹಾಮಾರಿಯ ಸಾವನ್ನೂ ಪ್ರಪಂಚದಲ್ಲಿ ಹಾಗೇ ಲೆಕ್ಕ ಹಾಕ್ತಾರೆ. ಕಾರಣ ಏನಾದರೂ ಬರೆದಿರಲಿ, ಮಾಮೂಲಿ ವರ್ಷ ಎಷ್ಟು ಜನ ಸಾಯ್ತಿದ್ದರು, ಆ ವರ್ಷ ಎಷ್ಟು ಜನ ಸತ್ತರು ಅಂತ ನೋಡ್ತಾರೆ. ಹೆಚ್ಚಾಗಿರೋದೇ ಮಹಾಮಾರಿ ತಗೊಂಡು ಹೋದ ಪಾಲು.

ಇಡೀ ದೇಶಕ್ಕೆ ಹಾಗೆ ಹಾಕಿ ನೋಡಿ. 2019ರಲ್ಲಿ ನೋಂದಣಿಯಾದ ಸಾವು ಸುಮಾರು 76.4 ಲಕ್ಷ. 2020ರಲ್ಲಿ 81.2 ಲಕ್ಷ. 2021ರಲ್ಲಿ 1 ಕೋಟಿ 2 ಲಕ್ಷ. ಒಂದೇ ವರ್ಷಕ್ಕೆ 21 ಲಕ್ಷ ಜಾಸ್ತಿ! ಆ ವರ್ಷ ಸರ್ಕಾರ ಕೊರೊನಾ ಸಾವು ಅಂತ ಒಪ್ಪಿಕೊಂಡಿದ್ದು 3.3 ಲಕ್ಷದ ಆಸುಪಾಸು. ಹೆಚ್ಚಾದ ಅಷ್ಟೂ ಕೊರೊನಾನೇ ಅಂತ ನಾವು ಹೇಳ್ತಿಲ್ಲ, ನೋಂದಣಿಯೂ ವರ್ಷದಿಂದ ವರ್ಷಕ್ಕೆ ಸುಧಾರಿಸ್ತಾ ಇದೆ. ಆದರೂ 3.3 ಎಲ್ಲಿ, 21 ಎಲ್ಲಿ? ವಿಶ್ವ ಆರೋಗ್ಯ ಸಂಸ್ಥೆ 2022ರ ಮೇ ತಿಂಗಳಲ್ಲಿ ಭಾರತಕ್ಕೆ ಎರಡು ವರ್ಷದ ಹೆಚ್ಚುವರಿ ಸಾವು 47 ಲಕ್ಷ ಅಂತ ಅಂದಾಜು ಕೊಟ್ಟಾಗ, ಲೆಕ್ಕ ಹಾಕಿದ ವಿಧಾನವೇ ಸರಿ ಇಲ್ಲ ಅಂತ ನಮ್ಮ ಸರ್ಕಾರ ಆಕ್ಷೇಪಿಸಿತು. 2021ರ ನೋಂದಣಿ ಅಂಕಿ ಹೊರಗೆ ಬಂದಿದ್ದು ಯಾವಾಗ ಗೊತ್ತಾ? 2025ರ ಮೇನಲ್ಲಿ. ಸತ್ತವರ ನಾಲ್ಕನೇ ವರ್ಷದ ತಿಥಿಯೂ ಆಗಿತ್ತು.

ಇದು ದೇಶದ ಕಥೆ. ಈಗ ನಮ್ಮ ಕಥೆಗೆ ಬನ್ನಿ. ಸೇಲಂ, ಧರ್ಮಪುರಿಯ ಕನ್ನಡಿಗರಲ್ಲಿ ಎಷ್ಟು ಜನ ಹೋದರು?

ಯಾರಿಗೂ ಗೊತ್ತಿಲ್ಲ. ಗೊತ್ತಾಗೋಕೆ ದಾರಿಯೇ ಇಲ್ಲ. ಮರಣ ನೋಂದಣಿ ಫಾರಂನಲ್ಲಿ ಸತ್ತವರ ಧರ್ಮ ಕೇಳ್ತಾರೆ, ಕೆಲಸ ಕೇಳ್ತಾರೆ, ಬೀಡಿ ಸೇದ್ತಿದ್ದರಾ, ಅಡಿಕೆ ಹಾಕ್ತಿದ್ದರಾ ಅಂತಲೂ ಕೇಳ್ತಾರೆ. ಮಾತೃಭಾಷೆ ಕೇಳೋದಿಲ್ಲ. ದೇಶದ ಮರಣ ಪ್ರಮಾಣ ಅಂತ ಪೇಪರಲ್ಲಿ ಬರುತ್ತಲ್ಲ, ಸಾವಿರಕ್ಕೆ 2020ರಲ್ಲಿ 6, 2021ರಲ್ಲಿ 7.5 ಅಂತ, ಅದು ಸ್ಯಾಂಪಲ್ ಸರ್ವೆಯಿಂದ ಬರೋ ಅಂಕಿ. ಅದರೊಳಗೆ ಪೆನ್ನಾಗರದ ಕನ್ನಡದ ಹಟ್ಟಿಯನ್ನ ಹುಡುಕೋದು ಸಾಧ್ಯವಿಲ್ಲ. ತಮಿಳುನಾಡು ಸರ್ಕಾರ ಆಗ ದಿನಾ ಸಂಜೆ ಬುಲೆಟಿನ್ ಬಿಡ್ತಿತ್ತು. ಸತ್ತವರ ವಯಸ್ಸು, ಜಿಲ್ಲೆ, ಬಿಪಿ ಇತ್ತಾ ಶುಗರ್ ಇತ್ತಾ ಎಲ್ಲಾ ಅದರಲ್ಲಿ ಇರ್ತಿತ್ತು. ಎಷ್ಟೋ ರಾಜ್ಯಗಳು ಅಷ್ಟು ಕೂಡ ಮಾಡಲಿಲ್ಲ, ಅದನ್ನ ಒಪ್ಪಿಕೊಳ್ಳಬೇಕು. ಆದರೆ ಅದೇ ರಾಜ್ಯದ ರಾಜಧಾನಿಯಲ್ಲೇ ಬಿಟ್ಟುಹೋಗಿದ್ದ 444 ಸಾವನ್ನ 2020ರ ಜುಲೈ 22ರಂದು ಒಂದೇ ದಿನ ಲೆಕ್ಕಕ್ಕೆ ಸೇರಿಸಬೇಕಾಯ್ತು. ಚೆನ್ನೈನಲ್ಲೇ ಹೀಗೆ ಅಂದಮೇಲೆ ಹೊಗೇನಕಲ್ ಕಾಡಂಚಿನ ಊರಲ್ಲಿ ಹೋಗಿ ಹುಡುಕಿದವರು ಯಾರು?

ಇನ್ನೊಂದಿದೆ. ಸಾವನ್ನ ನೋಂದಣಿ ಮಾಡೋದು ಸತ್ತ ಜಾಗದಲ್ಲಿ, ಮನೆ ಇರೋ ಜಾಗದಲ್ಲಲ್ಲ. ನಮ್ಮ ಹುಡುಗರು ದುಡಿಯೋದು ಬೆಂಗಳೂರಲ್ಲಿ. ಅಲ್ಲಿನ ಆಸ್ಪತ್ರೆಯಲ್ಲಿ ಸತ್ತರೆ ನೋಂದಣಿ ಕರ್ನಾಟಕದ್ದು. ಮಣ್ಣು ಮಾಡೋದು ಇಲ್ಲಿ, ಅಳೋದು ಇಲ್ಲಿ, ಸಾಲ ಉಳಿಯೋದೂ ಇಲ್ಲೇ. ಜಿಲ್ಲೆಯ ಅಂಕಿ ಮಾತ್ರ ತಣ್ಣಗೆ ಕೂತಿರುತ್ತೆ. ಬದುಕಿದ್ದಾಗ ಕರ್ನಾಟಕದವರು ನಮ್ಮನ್ನ ತಮಿಳುನಾಡಿನವರು ಅಂತಾರೆ. ಸತ್ತಾಗ ಮಾತ್ರ ಅವರ ಪುಸ್ತಕದಲ್ಲಿ ಜಾಗ ಸಿಗುತ್ತೆ!

ಹಳೇ ಕಾಲದಲ್ಲೂ ಹೀಗೇ. 1918ರ ಇನ್‌ಫ್ಲುಯೆಂಜಾ ದೇಶದಲ್ಲಿ ಎಷ್ಟು ಜನರನ್ನ ಕೊಂದಿತು ಅಂತ ಬ್ರಿಟಿಷರು ಮೊದಲು ಹೇಳಿದ್ದು ಸುಮಾರು 60 ಲಕ್ಷ. 1921ರ ಜನಗಣತಿ ಆದಮೇಲೆ ಅದು 1 ಕೋಟಿ 20 ಲಕ್ಷ ದಾಟಿತು. ಆಮೇಲೆ ಬಂದ ವಿದ್ವಾಂಸರು 1 ಕೋಟಿ 70–80 ಲಕ್ಷದವರೆಗೂ ಹೋದರು. ಯಾಕೆ ಹೀಗೆ? ಹಳ್ಳಿಯ ಲೆಕ್ಕ ಬರೆಯಬೇಕಾದವನೇ ಜ್ವರ ಬಂದು ಮಲಗಿದ್ದ, ಇಲ್ಲಾ ಸತ್ತಿದ್ದ. ಬರೆದ ಕಡೆಯೂ ಕಾರಣದ ಮುಂದೆ ಬರೀ "ಜ್ವರ". ಇನ್ನೂ ಹಿಂದಕ್ಕೆ ಹೋದರೆ 1876–78ರ ದೊಡ್ಡ ಬರ. ಬರದ ಬೆನ್ನಿಗೆ ಕಾಲರಾ. ಆಗ ಧರ್ಮಪುರಿ, ಹೊಸೂರು ಎಲ್ಲಾ ಸೇಲಂ ಜಿಲ್ಲೆಯೇ. 1871ರಲ್ಲಿ ಜಿಲ್ಲೆಯ ಜನಸಂಖ್ಯೆ 19 ಲಕ್ಷ 67 ಸಾವಿರದಷ್ಟಿತ್ತು. 1881ಕ್ಕೆ 16 ಲಕ್ಷ. ಹತ್ತು ವರ್ಷದಲ್ಲಿ ಬೆಳೆಯಬೇಕಾದ ಜಿಲ್ಲೆ ಮೂರೂವರೆ ಲಕ್ಷಕ್ಕೂ ಹೆಚ್ಚು ಕುಗ್ಗಿತ್ತು. ಇದು ಸಾವಿನ ರಿಜಿಸ್ಟರಿನಿಂದ ಗೊತ್ತಾಗಿದ್ದಲ್ಲ. ಹಿಂದೆ ಒಂದು ಗಣತಿ, ಮುಂದೆ ಒಂದು ಗಣತಿ ಇದ್ದಿದ್ದಕ್ಕೆ ಗೊತ್ತಾಯ್ತು. ನಮ್ಮ ಕಾಲದ ಮಹಾಮಾರಿ ಎಂಥಾ ಜಾಣ ನೋಡಿ, ಜನರ ಜೊತೆಗೆ 2021ರ ಜನಗಣತಿಯನ್ನೂ ನುಂಗಿಕೊಂಡಿತು. 2011ರ ಭಾಷಾ ಅಂಕಿ ಹಿಡ್ಕೊಂಡೇ ಇವತ್ತಿಗೂ ನಾವು ವಾದ ಮಾಡ್ತಿದ್ದೀವಿ.

"ಸತ್ತವರು ಸತ್ತರು, ಈಗ ಲೆಕ್ಕ ಯಾಕಪ್ಪಾ?" ಅಂತ ಕೇಳೋರಿಗೆ ನಮ್ಮ ಕೌಂಟರಿನ ಮುಂದೆ ಬಂದ ಒಬ್ಬ ಅಕ್ಕನ ಕಥೆ ಹೇಳ್ತೀವಿ. ಹೆಸರು ಬೇಡ. ಗಂಗಮ್ಮ ಅಂತ ಇಟ್ಕೊಳ್ಳಿ, ಗಂಡ ಬಸಪ್ಪ.

2021ರ ಮೇನಲ್ಲಿ ಗಂಡ ಹೋದ. ಆಯಮ್ಮ ಬ್ಯಾಂಕಿಗೆ ಬಂದಿದ್ದು ಮುಂದಿನ ವರ್ಷ, ಅಕೌಂಟಲ್ಲಿ ಉಳಿದಿದ್ದ ಸ್ವಲ್ಪ ದುಡ್ಡು ತೆಗೆಯೋಕೆ. ತಮಿಳಲ್ಲಿ ತಡವರಿಸ್ತಾ ಇದ್ದರು. "ಕನ್ನಡದಲ್ಲೇ ಹೇಳಿ ಅಕ್ಕಾ" ಅಂದ್ವಿ. "ಅಯ್ಯೋ, ನೀವು ನಮ್ಮೋರಾ ಸಾರ್?" ಅಂತ ಕುರ್ಚಿ ಎಳ್ಕೊಂಡು ಕೂತರು. ಪಾಸ್‌ಬುಕ್ ತಿರುಗಿಸಿದರೆ ಪ್ರತಿ ಮೇ ತಿಂಗಳೂ 330 ರೂಪಾಯಿ ಕಟ್ ಆಗಿದೆ. ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆ. ಯಾವ ಕಾಯಿಲೆಯಲ್ಲಿ ಸತ್ತರೂ ಮನೆಯವರಿಗೆ 2 ಲಕ್ಷ. ಆಯಮ್ಮಂಗೆ ಆ ಹೆಸರೇ ಗೊತ್ತಿರಲಿಲ್ಲ.

ಸರಿ, ಡೆತ್ ಸರ್ಟಿಫಿಕೇಟ್ ತನ್ನಿ ಅಂದ್ವಿ. ಬಂತು. ಅದರಲ್ಲಿ ಸತ್ತವನು ಪಸಪ್ಪ, ಹೆಂಡತಿ ಕಂಗಮ್ಮ. ಆಧಾರ್‌ನಲ್ಲಿ ಬಸಪ್ಪ, ಗಂಗಮ್ಮ. ತಮಿಳು ಲಿಪಿಯಲ್ಲಿ ಪ-ಬ ಎರಡಕ್ಕೂ ಒಂದೇ ಅಕ್ಷರ, ಕ-ಗ ಎರಡಕ್ಕೂ ಒಂದೇ, ತ-ದ ಎರಡಕ್ಕೂ ಒಂದೇ. ಅದು ತಮಿಳಿನ ತಪ್ಪಲ್ಲ, ಆ ಭಾಷೆ ಇರೋದೇ ಹಾಗೆ, ಓದುವವರಿಗೆ ಗೊತ್ತಾಗುತ್ತೆ. ತಮಿಳಲ್ಲಿ ಬರೆದುಕೊಂಡ ಹೆಸರನ್ನ ನೋಡಿ ಇಂಗ್ಲಿಷಿಗೆ ಇಳಿಸ್ತಾರಲ್ಲ, ಆಗ ನಮ್ಮ ಬಸಪ್ಪ ಪಸಪ್ಪ ಆಗ್ತಾನೆ, ದೊಡ್ಡಮ್ಮ ತೊಟ್ಟಮ್ಮ ಆಗ್ತಾಳೆ. ವಿಮೆಯವರ ಕಣ್ಣಿಗೆ ಬಸಪ್ಪ ಸತ್ತೇ ಇಲ್ಲ, ಸತ್ತಿರೋದು ಯಾರೋ ಪಸಪ್ಪ. ಆ ಒಂದು ಅಕ್ಷರ ಸರಿಮಾಡಿಸೋಕೆ ಆಯಮ್ಮ ಎಷ್ಟು ದಿನದ ಕೂಲಿ ಬಿಟ್ಟರು, ಎಷ್ಟು ಸಲ ಬಸ್ ಹತ್ತಿದರು ಅನ್ನೋದು ನಮಗೆ ಗೊತ್ತು. ಕೊನೆಗೆ ಆಯ್ತು. ಆಗದೇ ವಾಪಸ್ ಹೋದವರ ಮುಖವೂ ನಮಗೆ ನೆನಪಿದೆ.

ಸುಪ್ರೀಂ ಕೋರ್ಟ್ ಒಪ್ಪಿದ 50,000 ರೂಪಾಯಿ ಪರಿಹಾರದ ಕಥೆಯೂ ಇದೇ. 2021ರ ಅಕ್ಟೋಬರ್ 4ರ ಆದೇಶ ಸ್ಪಷ್ಟವಾಗಿತ್ತು: ಸರ್ಟಿಫಿಕೇಟಿನಲ್ಲಿ ಕೊರೊನಾ ಅಂತ ಬರೆದಿಲ್ಲ ಅನ್ನೋ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸಬಾರದು. ಪಾಸಿಟಿವ್ ಬಂದು 30 ದಿನದೊಳಗೆ ಮನೆಯಲ್ಲಿ ಸತ್ತಿದ್ದರೂ ಸರಿ. ಜಿಲ್ಲೆ ಜಿಲ್ಲೆಯಲ್ಲಿ ಸಮಿತಿ ಇತ್ತು, ಅಲ್ಲಿಗೆ ಹೋಗಿ ವಾದ ಮಾಡಬಹುದಿತ್ತು. ಆಮೇಲೆ 2022ರ ಮಾರ್ಚ್‌ನಲ್ಲಿ ಕೋರ್ಟು ಹಳೇ ಸಾವುಗಳಿಗೆ 60 ದಿನದ ಗಡುವು ಹಾಕಿತು. ನಮ್ಮ ಹಟ್ಟಿಗಳಲ್ಲಿ ಎಷ್ಟು ಮನೆಗೆ ಈ ಸುದ್ದಿ ಮುಟ್ಟಿತು, ಅದೂ ಅವರ ಭಾಷೆಯಲ್ಲಿ? ತಾಲೂಕಿನಲ್ಲಿ ಶೇಕಡಾ 15ರಷ್ಟು ಅಲ್ಪಸಂಖ್ಯಾತ ಭಾಷೆಯವರಿದ್ದರೆ ಮುಖ್ಯ ಸೂಚನೆಗಳನ್ನ ಅವರ ಭಾಷೆಯಲ್ಲೂ ಪ್ರಕಟಿಸಬೇಕು ಅನ್ನೋದು ಭಾಷಾ ಅಲ್ಪಸಂಖ್ಯಾತರಿಗೆ ದೇಶ ಕೊಟ್ಟಿರೋ ಭರವಸೆ. ನಿಮ್ಮ ಊರಿನ ಗೋಡೆ ಮೇಲೆ ಕನ್ನಡದಲ್ಲಿ ಒಂದು ಕೊರೊನಾ ಪೋಸ್ಟರ್ ನೋಡಿದ್ದೀರಾ? ನಾವು ನೋಡಿಲ್ಲ.

ಬರೀ ಸರ್ಕಾರವನ್ನ ಬೈದು ಕೈ ತೊಳ್ಕೊಳ್ಳೋಕೆ ಈ ಪೋಸ್ಟ್ ಬರೀತಿಲ್ಲ. 1956ರಲ್ಲಿ ಕೊಳ್ಳೇಗಾಲ ಆ ಕಡೆ ಹೋಯ್ತು, ನಾವು ಈ ಕಡೆ ಉಳಿದ್ವಿ ಅಂತ ವರ್ಷ ವರ್ಷ ಗೋಳಾಡೋ ನಾವು, ಮನೆಯಲ್ಲಿ ಅಜ್ಜಿ ಸತ್ತರೆ 21 ದಿನದೊಳಗೆ ವಿ.ಎ.ಓ. ಹತ್ರ ಹೋಗಿ ಬರೆಸೋದಿಲ್ಲ. "ಅಜ್ಜಿಗೆ ಆಸ್ತಿ ಏನಿದೆ, ಸರ್ಟಿಫಿಕೇಟ್ ಯಾಕೆ?" ಅಂತೀವಿ. ಕೊಯಮತ್ತೂರಿನ ಇರುಗೂರಲ್ಲಿ ಕೊರೊನಾ ದೇವಿಗೆ ಗುಡಿಯೇ ಎದ್ದಿತು, ಕೈ ಮುಗಿದ್ವಿ. ರಾಜ್ಯೋತ್ಸವಕ್ಕೆ ಬೆಂಗಳೂರಿಂದ ಬಂದು ಶಾಲು ಹೊದಿಸಿಕೊಂಡು, "ಗಡಿನಾಡ ಕನ್ನಡಿಗರು ನಮ್ಮ ಕಣ್ಣು" ಅಂತ ಭಾಷಣ ಮಾಡಿ ಊಟದ ಹೊತ್ತಿಗೆ ಕಾರು ಹತ್ತೋರಿಗೂ ಚಪ್ಪಾಳೆ ತಟ್ಟಿದ್ವಿ. ಆ ಕಣ್ಣುಗಳಲ್ಲಿ ಎಷ್ಟು ಮುಚ್ಚಿಹೋದವು ಅಂತ ಅವರು ಕೇಳಲಿಲ್ಲ. ನಾವೂ ಹೇಳಲಿಲ್ಲ, ಹೇಳೋಕೆ ನಮ್ಮ ಹತ್ರ ಲೆಕ್ಕವೇ ಇರಲಿಲ್ಲ.

ತಮಿಳು ಸಹೋದರರ ಮೇಲೆ ನಮಗೆ ಸಿಟ್ಟಿಲ್ಲ. ಆಕ್ಸಿಜನ್ ಇಲ್ಲದ ದಿನಗಳಲ್ಲಿ ನಮ್ಮವರಿಗಾಗಿ ಓಡಾಡಿದ ನರ್ಸಮ್ಮಂದಿರು, ಆಂಬುಲೆನ್ಸ್ ಹುಡುಗರು ಅವರೇ. ನಮ್ಮ ಜಗಳ ಕಾಲಂ ಇಲ್ಲದ ಫಾರಂ ಜೊತೆ, ನಮ್ಮದೇ ಸೋಮಾರಿತನದ ಜೊತೆ.

ಈಗ ಮಾಡೋದು ಇಷ್ಟು. ಒಂದು ನೋಟ್‌ಬುಕ್ ತಗೊಳ್ಳಿ. ನಿಮ್ಮ ಹಟ್ಟಿಯಲ್ಲಿ, ಬೀದಿಯಲ್ಲಿ 2020ರಿಂದ 2021ರ ಕೊನೆಯವರೆಗೆ ತೀರಿಕೊಂಡವರ ಹೆಸರು, ವಯಸ್ಸು, ತಿಂಗಳು, ಸತ್ತ ಜಾಗ, ಮನೆಮಾತು ಬರೀರಿ. ಅದರ ಪಕ್ಕದಲ್ಲೇ 2018, 2019ರವರನ್ನೂ ಬರೀರಿ, ಇಲ್ಲದಿದ್ದರೆ ಹೋಲಿಸೋಕೆ ಆಗಲ್ಲ. ಸರ್ಟಿಫಿಕೇಟ್ ಆಗಿದೆಯಾ ಕೇಳಿ. ಆಗಿಲ್ಲದಿದ್ದರೆ ಈಗಲೂ ಮಾಡಿಸಬಹುದು. ವರ್ಷ ದಾಟಿದ ಸಾವಿಗೆ ಅಧಿಕಾರ ಇರೋ ಮ್ಯಾಜಿಸ್ಟ್ರೇಟರ ಆದೇಶ ಬೇಕು, ಓಡಾಟ ಇದೆ, ಆದರೆ ಆಗುತ್ತೆ. ಹೆಸರು ತಪ್ಪಿದ್ದರೆ ತಿದ್ದೋ ಅಧಿಕಾರ ನೋಂದಣಿ ಕಾಯಿದೆಯ 15ನೇ ಸೆಕ್ಷನ್‌ನಲ್ಲಿ ರಿಜಿಸ್ಟ್ರಾರ್‌ಗೇ ಇದೆ. ಆಧಾರ್ ಕಾಪಿ ಇಟ್ಟು, ಇಂಗ್ಲಿಷ್ ಅಕ್ಷರವನ್ನ ಒಂದೊಂದಾಗಿ ಕೂಗಿ ಹೇಳಿ ಬರೆಸಿ. ಪಾಸ್‌ಬುಕ್ ತೆಗೆದು ಪ್ರೀಮಿಯಂ ಎಂಟ್ರಿ ಇದೆಯಾ ನೋಡಿ. ಈಗ ಅದು 436 ರೂಪಾಯಿ.

ಮುಂದಿನ ಜನಗಣತಿ 2027ರ ಮಾರ್ಚ್ 1ರ ಲೆಕ್ಕಕ್ಕೆ ನಡೀತಿದೆ. ಗಣತಿಯವರು ಮನೆಗೆ ಬಂದು ತಮಿಳಲ್ಲಿ ಮಾತಾಡಿಸ್ತಾರೆ, ನೀವೂ ಸಲೀಸಾಗಿ ತಮಿಳಲ್ಲೇ ಉತ್ತರ ಕೊಡ್ತೀರಿ, ಅವರು ಮಾತೃಭಾಷೆ ಕೇಳದೇನೇ ತಮಿಳು ಅಂತ ಗುರುತು ಹಾಕಿಬಿಡಬಹುದು. ಪಕ್ಕದಲ್ಲಿ ನಿಂತು ಏನು ಬರೆದರು ಅಂತ ನೋಡಿ. ನೋಟ್‌ಬುಕ್ ತುಂಬಿದವರು ಇನ್‌ಬಾಕ್ಸ್‌ಗೆ ಬನ್ನಿ. ಫಾರಂ ತುಂಬೋಕೆ ಬರದವರು ಯಾವ ಬ್ಯಾಂಕಿನ ಗಿರಾಕಿಯಾದರೂ ಸರಿ, ಸಂಜೆ ಐದೂವರೆ ಮೇಲೆ ನಾವು ಸಿಗ್ತೀವಿ.