ಬೀಗದ ಕೈ ಯಾರ ಸೊಂಟದಲ್ಲಿ?

ಡಾಲರಿನ ಕಾಲ ಮುಗಿಯಿತು, ಸ್ವಿಫ್ಟ್‌ನ ಹಂಗು ಹರಿಯಿತು, ಇನ್ನೇನು ರೂಪಾಯಿಯೇ ಲೋಕದ ನಾಣ್ಯ ಎಂದು ಸಂಭ್ರಮಿಸುವವರು ಈಗ ಎಲ್ಲೆಲ್ಲೂ ಸಿಗುತ್ತಾರೆ. ಗೋಷ್ಠಿ ಮುಗಿದು ಕಾಫಿ ಲೋಟ ಕೈಗೆ ಬಂದ ಹೊತ್ತಿನಲ್ಲಿ ನಮ್ಮ ನಡುವೆಯೂ ಇದೇ ಮಾತು. ಈ ಸಂಭ್ರಮದ ಬಗ್ಗೆ ನಮಗೆ ತಕರಾರಿದೆ. ಹಣ ಪಾವತಿಯ ಜಾಲವೆಂಬುದು ಬರಿಯ ತಾಂತ್ರಿಕ ಸಂಗತಿ, ಅದರಲ್ಲಿ ರಾಜಕೀಯವನ್ನು ಹುಡುಕಬಾರದು ಎನ್ನುವ ಇನ್ನೊಂದು ಬಣದ ಬಗೆಗೂ ಇದೆ. ಈ ಎರಡನೆಯವರ ಲೆಕ್ಕವನ್ನು ಮೊದಲು ಮುಗಿಸಿಬಿಡೋಣ.

1914ರ ಆಗಸ್ಟ್ 5ರಂದು, ಯುದ್ಧ ಸಾರಿದ ಕೆಲವೇ ಗಂಟೆಗಳಲ್ಲಿ, ಬ್ರಿಟಿಷ್ ಹಡಗೊಂದು ಇಂಗ್ಲಿಷ್ ಕಾಲುವೆಯ ತಳದಿಂದ ಜರ್ಮನಿಯ ತಂತಿಗಳನ್ನು ಎತ್ತಿ ಕತ್ತರಿಸಿತು. ಅಂದಿನಿಂದ ಜರ್ಮನಿ ತನ್ನ ಗುಟ್ಟಿನ ಸಂದೇಶಗಳಿಗೂ ಪರರ ತಂತಿಯನ್ನೇ ಆಶ್ರಯಿಸಬೇಕಾಯಿತು. 1917ರಲ್ಲಿ ವಿದೇಶಾಂಗ ಸಚಿವ ಝಿಮ್ಮರ್‌ಮನ್ ಮೆಕ್ಸಿಕೊಗೆಂದು ಕಳಿಸಿದ ತಂತಿ ಲಂಡನ್ನಿನ ಗೂಢಲಿಪಿ ಓದುಗರ ಮೇಜಿನ ಮೇಲೆ ಬಿದ್ದದ್ದು ಹಾಗೆ. ಮುಂಬಯಿಗೆ 1870ರಲ್ಲೇ ಕಡಲಡಿಯ ತಂತಿ ಬಂದಿತ್ತು. ಅದರ ಇನ್ನೊಂದು ತುದಿಯೂ ಲಂಡನ್ನಿನಲ್ಲೇ ಇತ್ತು.

ಸ್ವಿಫ್ಟ್ ಇದರ ಮೊಮ್ಮಗ. 1973ರಲ್ಲಿ ಬೆಲ್ಜಿಯಂನಲ್ಲಿ ಬ್ಯಾಂಕುಗಳೇ ಕಟ್ಟಿಕೊಂಡ ಸಹಕಾರಿ ಸಂಸ್ಥೆ ಅದು. ಅದು ಒಂದು ಬಿಡಿಗಾಸನ್ನೂ ಸಾಗಿಸುವುದಿಲ್ಲ, ಯಾರು ಯಾರಿಗೆ ಎಷ್ಟು ಕೊಡಬೇಕೆಂಬ ಸಂದೇಶವನ್ನಷ್ಟೇ ತಲುಪಿಸುತ್ತದೆ. ಅಂಚೆಯವನಂತೆ ನಿಷ್ಪಕ್ಷಪಾತಿ ಎಂದು ಹೇಳಿಕೊಳ್ಳುತ್ತಿದ್ದ ಈ ಸಂಸ್ಥೆಯ ದತ್ತಾಂಶವನ್ನು ಅಮೆರಿಕದ ಖಜಾನೆ ಇಲಾಖೆ ವರ್ಷಗಟ್ಟಲೆ ಓದುತ್ತಿದ್ದುದು 2006ರಲ್ಲಿ ಬಯಲಾಯಿತು. 2012ರಲ್ಲಿ ಇರಾನಿನ ಬ್ಯಾಂಕುಗಳಿಗೂ 2022ರಲ್ಲಿ ರಷ್ಯದ ಆಯ್ದ ಬ್ಯಾಂಕುಗಳಿಗೂ ಬಾಗಿಲು ಮುಚ್ಚಿತು. ಇನ್ನೂ ಇದು ತಾಂತ್ರಿಕ ಸಂಗತಿಯೆನ್ನುವವರೊಡನೆ ವಾದಿಸುವ ತಾಳ್ಮೆ ನಮಗಿಲ್ಲ.

ನಮ್ಮ ನಿಜವಾದ ಜಗಳ ಸಂಭ್ರಮಿಸುವವರೊಡನೆ. ಅವರು ಒಮ್ಮೆ ಮಂಗಳೂರಿನ ಕಥೆಯನ್ನು ನೆನೆಯಬೇಕು. ಅಲ್ಲಿನ ಎಂಆರ್‌ಪಿಎಲ್ ಒಂದು ಕಾಲಕ್ಕೆ ಇರಾನಿನ ಕಚ್ಚಾತೈಲದ ದೊಡ್ಡ ಗಿರಾಕಿಗಳಲ್ಲಿ ಒಂದಾಗಿತ್ತು. ಆಗ ಹಣ ಹೋಗುತ್ತಿದ್ದದ್ದು ಏಷ್ಯನ್ ಕ್ಲಿಯರಿಂಗ್ ಯೂನಿಯನ್ ಮೂಲಕ. ಅದರ ಪ್ರಧಾನ ಕಚೇರಿ ತೆಹರಾನಿನಲ್ಲೇ ಇತ್ತೆಂಬುದು ಇಲ್ಲಿನ ವಿನೋದ. 2010ರ ಡಿಸೆಂಬರಿನಲ್ಲಿ ನಮ್ಮ ರಿಸರ್ವ್ ಬ್ಯಾಂಕೇ ಆ ದಾರಿಯನ್ನು ಮುಚ್ಚಿತು. ಬಳಿಕ ಹ್ಯಾಂಬರ್ಗಿನ ಒಂದು ಬ್ಯಾಂಕು. ಅದರ ಮೇಲೆ ಐರೋಪ್ಯ ಒಕ್ಕೂಟದ ನಿರ್ಬಂಧ ಬಿತ್ತು. ಬಳಿಕ ತುರ್ಕಿಯ ಹಾಲ್ಕ್‌ಬ್ಯಾಂಕ್. ಕೊನೆಗೆ 2012ರಲ್ಲಿ ತೈಲದ ಬೆಲೆಯ ಶೇ. 45ನ್ನು ರೂಪಾಯಿಯಲ್ಲೇ ಕೋಲ್ಕತ್ತದ ಯೂಕೋ ಬ್ಯಾಂಕಿನಲ್ಲಿ ಜಮಾ ಮಾಡುವ ಏರ್ಪಾಡಾಯಿತು. ಆ ರೂಪಾಯಿಯಿಂದ ಇರಾನ್ ನಮ್ಮಿಂದ ಬಾಸ್ಮತಿ ಕೊಂಡಿತು, ಚಹಾ ಕೊಂಡಿತು, ಔಷಧಿ ಕೊಂಡಿತು. ಇಂದು ಹೊಸದಾಗಿ ಕಂಡುಹಿಡಿದೆವೆಂದು ಬೀಗುತ್ತಿರುವ ಉಪಾಯ ಅಂದೇ ನಡೆದಿತ್ತು.

ಆದರೂ ಆಮದು ನಿಂತಿತು. ಪಾವತಿಗೆ ದಾರಿ ಇದ್ದಾಗಲೇ, 2013ರಲ್ಲಿ, ಇರಾನಿನ ತೈಲ ಶುದ್ಧೀಕರಿಸುವ ಸ್ಥಾವರಕ್ಕೆ ವಿಮೆ ಸಿಗುವುದೇ ಕಷ್ಟವಾಗಿ ಎಂಆರ್‌ಪಿಎಲ್ ಕೆಲವು ತಿಂಗಳು ಖರೀದಿಯನ್ನು ನಿಲ್ಲಿಸಿತು. ಮರುವಿಮೆಯ ಬೀಗದ ಕೈ ಯುರೋಪಿನಲ್ಲಿತ್ತು. 2019ರ ಮೇ ತಿಂಗಳಿನಲ್ಲಿ ಅಮೆರಿಕ ತನ್ನ ವಿನಾಯಿತಿಯನ್ನು ಹಿಂತೆಗೆದುಕೊಂಡಾಗ ಯೂಕೋ ಬ್ಯಾಂಕಿನ ಖಾತೆ ಇದ್ದಲ್ಲೇ ಇತ್ತು, ಇರಾನಿನ ಹಡಗುಗಳು ಮಾತ್ರ ಬರಲಿಲ್ಲ. ಒಂದು ಬೀಗಕ್ಕೆ ಸ್ವಂತ ಕೈ ಮಾಡಿಸಿಕೊಂಡವನು ಮನೆಗೆ ಎಷ್ಟು ಬಾಗಿಲುಗಳಿವೆಯೆಂದು ಎಣಿಸಿರಲಿಲ್ಲ.

ರಷ್ಯದ ಕಥೆಯಲ್ಲಿ ಇನ್ನೊಂದು ಪಾಠವಿದೆ. 2022ರ ಜುಲೈನಲ್ಲಿ ರಿಸರ್ವ್ ಬ್ಯಾಂಕು ರೂಪಾಯಿಯಲ್ಲೇ ವಿದೇಶೀ ವ್ಯಾಪಾರ ನಡೆಸಲು ವಿಶೇಷ ಖಾತೆಗಳಿಗೆ ಅನುಮತಿಯಿತ್ತಿತು. ಮರುವರ್ಷ ಗೋವೆಗೆ ಬಂದ ರಷ್ಯದ ವಿದೇಶಾಂಗ ಸಚಿವ ಲಾವ್ರೊವ್, ಭಾರತದ ಬ್ಯಾಂಕುಗಳಲ್ಲಿ ತಮ್ಮ ಕೋಟಿಗಟ್ಟಲೆ ರೂಪಾಯಿ ಕೂಡಿಬಿದ್ದಿದೆ, ಅದನ್ನು ಬಳಸಲಾಗುತ್ತಿಲ್ಲ ಎಂದು ಬಹಿರಂಗವಾಗಿಯೇ ಹೇಳಿದರು. 2023-24ರಲ್ಲಿ ನಾವು ರಷ್ಯದಿಂದ ತರಿಸಿದ್ದು ಸುಮಾರು 6,100 ಕೋಟಿ ಡಾಲರಿನ ಸರಕು, ಅಲ್ಲಿಗೆ ಕಳಿಸಿದ್ದು 430 ಕೋಟಿಯದ್ದೂ ಇಲ್ಲ. ಸಂತೆಯಲ್ಲಿ ನಮ್ಮ ಚೀಟಿಯನ್ನು ಒಪ್ಪುವವನಿಗೆ ನಮ್ಮ ಅಂಗಡಿಯಲ್ಲಿ ಕೊಳ್ಳಲು ಏನಾದರೂ ಬೇಕಲ್ಲ! ಕಾರ್ಖಾನೆಯಲ್ಲಿ ಆಗಬೇಕಾದ ಕೆಲಸವನ್ನು ಸುತ್ತೋಲೆಯಿಂದ ಮಾಡಿಸಲಾಗದು. ಸುತ್ತೋಲೆಗಳ ನಡುವೆಯೇ ಹೊಟ್ಟೆ ಹೊರೆಯುವ ನಾವು ಇದನ್ನು ಹೇಳುವುದಕ್ಕೆ ಸ್ವಲ್ಪ ಅರ್ಹತೆಯಿದೆ.

ಹಾಗೆಂದು ಏನೂ ಸಾಧ್ಯವಿಲ್ಲವೆಂದಲ್ಲ. 2014ರಲ್ಲಿ ವೀಸಾ ಮತ್ತು ಮಾಸ್ಟರ್‌ಕಾರ್ಡ್‌ಗಳು ಕೆಲವು ರಷ್ಯನ್ ಬ್ಯಾಂಕುಗಳ ಸೇವೆಯನ್ನು ನಿಲ್ಲಿಸಿದೊಡನೆ ಮಾಸ್ಕೊ ದೇಶದೊಳಗಿನ ಕಾರ್ಡು ವ್ಯವಹಾರವನ್ನೆಲ್ಲ ಸ್ವಂತ ಜಾಲಕ್ಕೆ ತಂದುಕೊಂಡಿತು. ಹಾಗಾಗಿ 2022ರಲ್ಲಿ ಆ ಕಂಪನಿಗಳು ಹೊರಟುಹೋದಾಗಲೂ ಹಳೆಯ ಕಾರ್ಡುಗಳು ರಷ್ಯದ ಅಂಗಡಿಗಳಲ್ಲಿ ನಡೆದವು. ನಮ್ಮಲ್ಲಿ 2012ರ ರುಪೇ, 2016ರ ಯುಪಿಐ ಅದೇ ಜಾತಿಯ, ಅದಕ್ಕಿಂತ ಬಹಳ ದೊಡ್ಡ ಸಾಧನೆ. ದಾದರಿನಲ್ಲಿ ತರಕಾರಿ ಕೊಳ್ಳುವಾಗ ನಮಗೂ ಹೆಮ್ಮೆಯೆನಿಸುತ್ತದೆ. ಆದರೆ ಆ ಯುಪಿಐ ವಹಿವಾಟಿನಲ್ಲಿ ಶೇ. 80ರಷ್ಟು ಯಾವ ಆ್ಯಪ್‌ಗಳ ಮೂಲಕ ನಡೆಯುತ್ತದೆ? ವಾಲ್‌ಮಾರ್ಟಿನ ಒಡೆತನದ ಫೋನ್‌ಪೇ ಮತ್ತು ಗೂಗಲ್ ಪೇ. ಹಳಿ ನಮ್ಮದು, ಟಿಕೆಟಿನ ಕಿಟಕಿಯಲ್ಲಿ ಕೂತವರು ಅವರು. 2025ರ ಜುಲೈನಲ್ಲಿ ಐರೋಪ್ಯ ಒಕ್ಕೂಟದ ನಿರ್ಬಂಧದ ಬೆನ್ನಲ್ಲೇ ನಯಾರಾ ಎನರ್ಜಿಯ ನೌಕರರ ಇಮೇಲ್ ಸೇವೆಯನ್ನು ಮೈಕ್ರೋಸಾಫ್ಟ್ ನಿಲ್ಲಿಸಿತು. ಗುಜರಾತಿನ ನೆಲದಲ್ಲಿರುವ, ಯಾವ ಭಾರತೀಯ ಕಾನೂನನ್ನೂ ಮುರಿಯದ ತೈಲಾಗಾರ ಅದು. ಕಂಪನಿ ದೆಹಲಿ ಹೈಕೋರ್ಟಿನ ಮೆಟ್ಟಿಲೇರಿದ ಮೇಲೆ ಸೇವೆ ಮರಳಿತು.

ಇನ್ನೊಂದು ಮಾತು. ಇದನ್ನು ಹೇಳಿದರೆ ಕಾಫಿ ತಣ್ಣಗಾಗುತ್ತದೆಂದು ಬಲ್ಲೆವು. ಪರರಿಂದ ಕಿತ್ತುಕೊಂಡ ಬೀಗದ ಕೈಯನ್ನು ಪ್ರಭುತ್ವ ಯಾರ ಮೇಲೆ ಪ್ರಯೋಗಿಸುತ್ತದೆ? ಪಶ್ಚಿಮದ ಹಿಡಿತದಿಂದ ಪಾರಾಗಲೆಂದು ಇರಾನ್ ರಾಷ್ಟ್ರೀಯ ಅಂತರ್ಜಾಲವನ್ನು ಕಟ್ಟಿತು; 2019ರ ನವೆಂಬರಿನಲ್ಲಿ ಜನ ಬೀದಿಗಿಳಿದಾಗ ಹೊರಜಗತ್ತಿನ ಸಂಪರ್ಕವನ್ನು ಸುಮಾರು ಒಂದು ವಾರ ಕಡಿದುಹಾಕಲು ಅದೇ ಜಾಲ ನೆರವಾಯಿತು. ನಮ್ಮ ಕಾಶ್ಮೀರದಲ್ಲಿ 2019ರ ಆಗಸ್ಟಿನಲ್ಲಿ ಹೋದ 4ಜಿ ಪೂರ್ಣವಾಗಿ ಮರಳಿದ್ದು 2021ರ ಫೆಬ್ರವರಿಯಲ್ಲಿ. ಅಂತರ್ಜಾಲವನ್ನು ಅನಿರ್ದಿಷ್ಟ ಕಾಲ ನಿಲ್ಲಿಸುವಂತಿಲ್ಲ, ನಿಲ್ಲಿಸುವ ಆದೇಶಗಳನ್ನು ಪ್ರಕಟಿಸಬೇಕು ಎಂದು ಸುಪ್ರೀಂ ಕೋರ್ಟು 2020ರ ಜನವರಿಯಲ್ಲಿ ಹೇಳಿತ್ತು. ಬ್ರಸೆಲ್ಸಿನ ಆಜ್ಞೆಯಿಂದ ಇಮೇಲ್ ನಿಂತರೆ ಸಾರ್ವಭೌಮತೆಗೆ ಅಪಚಾರ, ಜಿಲ್ಲಾ ಕಚೇರಿಯ ಆಜ್ಞೆಯಿಂದ ನಿಂತರೆ ಆಡಳಿತ ಎಂಬ ನಿಘಂಟು ನಮಗೆ ಸಮ್ಮತವಲ್ಲ.

ಆದ್ದರಿಂದ ಸಂಭ್ರಮಿಸುವ ಗೆಳೆಯರಲ್ಲಿ ನಮ್ಮ ವಿನಂತಿ ಇಷ್ಟೇ: ಡಾಲರಿನ ಶವಯಾತ್ರೆಯನ್ನು ಸದ್ಯಕ್ಕೆ ಬಿಟ್ಟು ಒಂದು ಸಣ್ಣ ದಿನಾಂಕದ ಮೇಲೆ ಕಣ್ಣಿಡಿ. ಯುಪಿಐನಲ್ಲಿ ಯಾವುದೇ ಆ್ಯಪ್ ಶೇ. 30ಕ್ಕಿಂತ ಹೆಚ್ಚಿನ ಪಾಲು ಹೊಂದಬಾರದೆಂದು 2020ರ ನವೆಂಬರಿನಲ್ಲಿ ಎನ್‌ಪಿಸಿಐ ನಿಯಮ ಮಾಡಿತು. ಅದರ ಗಡುವು 2022ರ ಕೊನೆಯಿಂದ 2024ಕ್ಕೆ ಸರಿಯಿತು, ಅಲ್ಲಿಂದ 2026ರ ಡಿಸೆಂಬರ್ 31ಕ್ಕೆ.