ಊರಿಗೆ ಟಿಕೆಟ್ ಇಟ್ರೆ ತಪ್ಪೇನು?

ಇಟಲಿ ಅಂದ್ರೆ ನಮಗೆಲ್ಲ ರೋಮ್, ವೆನಿಸ್, ಪೀಸಾ ಗೋಪುರ ಅಷ್ಟೇ. ಆದ್ರೆ ರೋಮ್‌ನ ಉತ್ತರಕ್ಕೆ, ಹಳ್ಳಿಗಾಡಿನ ಒಂದು ಗುಡ್ಡದ ತುದಿಯಲ್ಲಿ ಚೀವಿತಾ ದಿ ಬಾನ್ಯೊರೇಜೊ ಅನ್ನೋ ಪುಟ್ಟ ಊರಿದೆ. ಸುಮಾರು 2,500 ವರ್ಷಗಳ ಹಿಂದೆ ಎಟ್ರುಸ್ಕನ್ನರು ಕಟ್ಟಿದ್ದು. ಇಟಲಿಯವರು ಇದನ್ನ ‘ಸಾಯುತ್ತಿರುವ ಊರು’ ಅಂತಾರೆ.

ಕಾರಣ ನೆಲದಲ್ಲೇ ಇದೆ. ಮೇಲೆ ಟಫ್ ಅನ್ನೋ ಜ್ವಾಲಾಮುಖಿ ಕಲ್ಲು, ಕೆಳಗೆ ಜೇಡಿಮಣ್ಣು. ಮಳೆನೀರು ಜೇಡಿಮಣ್ಣನ್ನ ಕೊರೆದಷ್ಟೂ ಮೇಲಿನ ಕಲ್ಲು ಅಂಚಿನಿಂದ ಕುಸಿಯುತ್ತೆ. ಸಿವಿಲ್‌ನವರಿಗೆ ಇದಕ್ಕಿಂತ ಒಳ್ಳೆ ಲ್ಯಾಬ್ ಬೇಕಾ? 1695ರ ಭೂಕಂಪದ ನಂತರ ಜನ ಊರು ಬಿಡ್ತಾ ಬಂದ್ರು. ಈಗ ವರ್ಷವಿಡೀ ಅಲ್ಲೇ ಇರೋರು ನಮ್ಮ ಒಂದು ಲ್ಯಾಬ್ ಬ್ಯಾಚ್‌ನಷ್ಟೂ ಇಲ್ಲ.

ಊರೊಳಗೆ ಹೋಗೋಕೆ 1965ರಲ್ಲಿ ಕಟ್ಟಿದ ಕಾಲುಸೇತುವೆಯೇ ದಾರಿ. 2013ರಲ್ಲಿ ಅಲ್ಲಿ ಪ್ರವೇಶ ಟಿಕೆಟ್ ಶುರುವಾಯ್ತು. ಆಗ ಒಂದೂವರೆ ಯೂರೋ, ಆಮೇಲೆ 5 ಆಯ್ತು. ‘ಊರು ನೋಡೋಕೂ ದುಡ್ಡಾ?’ ಅಂತ ಕೇಳೋರಿದ್ದಾರೆ. ಕೊಡಬೇಕು ಅಂತೀವಿ ನಾವು. ಕುಸಿಯೋ ಗುಡ್ಡವನ್ನ ಹಿಡಿದು ನಿಲ್ಲಿಸೋದು ಒಂದು ಸಲದ ಪ್ರಾಜೆಕ್ಟ್ ಅಲ್ಲ, ಮುಗಿಯದ ಖರ್ಚು. ಅದನ್ನ ಅಷ್ಟು ಕಮ್ಮಿ ಜನ ಹೊರೋಕಾಗಲ್ಲ.

ಆದ್ರೆ ಟಿಕೆಟ್ ಕೊಂಡ ಮಾತ್ರಕ್ಕೆ ನಮ್ಮ ಪಾಲು ಮುಗಿಯಲ್ಲ. ಎಲ್ರೂ ಒಂದು ಗಂಟೆ ರೀಲ್ಸ್ ಮಾಡ್ಕೊಂಡು ವಾಪಸ್ ಬಂದ್ರೆ ಗುಡ್ಡ ಉಳಿಬಹುದು, ಊರು ಉಳಿಯಲ್ಲ. ಮುಂದೆ ಎಂ.ಎಸ್. ಅಂತ ಯುರೋಪಿಗೆ ಹೋಗೋರು ಅಲ್ಲಿ ಒಂದು ರಾತ್ರಿ ಉಳ್ಕೊಳ್ಳಿ, ಅಲ್ಲೇ ಊಟ ಮಾಡಿ. ಟೂರಿಸ್ಟ್ ಬಸ್ ಹೊರಟ ಮೇಲೂ ಅಲ್ಲಿ ಯಾರೋ ಒಬ್ರು ಅಂಗಡಿ ತೆಗೆದಿಟ್ಟುಕೊಳ್ಳೋ ಹಾಗಿರಬೇಕು.